ಗಂಡನಿಂದ ಬ್ಯಾರೆ ಆದಮ್ಯಾಲೆ ತಂಗಿಯ ಎರಡು ವರ್ಷದ ಗ್ರೀನ್ ಕಾರ್ಡ್ ಉಳಿಸೋದು ಹ್ಯಾಂಗ?

ಟಿಳಕವಾಡಿ ಅಣ್ಣ:
ನಮಸ್ಕಾರ್ರಿ ಎಲ್ಲಾರಿಗೂ. ತಂಗಿ ಡಲ್ಲಾಸ್‌ನ್ಯಾಗ ಇದ್ದಾಳ, ಗಂಡ ಅಮೆರಿಕದ ನಾಗರಿಕ. ಲಗ್ನ ಬೆಳಗಾವ್ಯಾಗ ಆಗಿದ್ದು, ಸಬ್‌ರಿಜಿಸ್ಟ್ರಾರ್ ಆಫೀಸಿನ ಸರ್ಟಿಫಿಕೇಟೂ ಐತಿ. ಕಾರ್ಡಿನ ಮ್ಯಾಲೆ ಸಿಆರ್1 (ಲಗ್ನದ ಮ್ಯಾಲೆ ಸಿಕ್ಕ ಎರಡು ವರ್ಷದ, ಶರತ್ತಿನ ಕಾರ್ಡ್) ಅಂತ ಐತಿ, ಮುಗಿಯೋ ತಾರೀಖು 2027ರ ಮಾರ್ಚ್ 14. ಮೂರು ತಿಂಗಳಿಂದ ಬ್ಯಾರೆ ಬ್ಯಾರೆ ಮನ್ಯಾಗ ಇದ್ದಾರ, ಡೈವೋರ್ಸ್ ಆಗಿಲ್ಲ. ಅವ "ನಿನ್ನ ಕಾರ್ಡ್ ಕ್ಯಾನ್ಸಲ್ ಮಾಡಸ್ತೀನಿ" ಅಂತ ಹೆದರಸ್ತಾನ. ಅವ್ವ ಆಕಿನ್ನ ಊರಿಗೆ ಕರಸಿ, ಇಲ್ಲೇ ಬೆಳಗಾವಿ ಫ್ಯಾಮಿಲಿ ಕೋರ್ಟಿನ್ಯಾಗ ಕೇಸ್ ಹಾಕೂಣು ಅಂತಾಳ. ಹಂಗ ಮಾಡಬಹುದೇನ್ರಿ?

ಗೋಳಗುಮ್ಮಟ:
ಅಣ್ಣಾರ, ಮೊದಲ ತಂಗಿಗೆ ಧೈರ್ಯ ಹೇಳ್ರಿ. ಕಾರ್ಡ್ ಕ್ಯಾನ್ಸಲ್ ಮಾಡೋ ಅಧಿಕಾರ ಗಂಡಗ ಇಲ್ಲ. ಅವ ದೂರು ಬರೀಬಹುದು, ಅಷ್ಟ. ಇಮಿಗ್ರೇಷನ್ ಇಲಾಖೆ ನೋಟಿಸ್ ಕೊಡಬೇಕು, ಆಮ್ಯಾಲೂ ಆಕಿ ಇಮಿಗ್ರೇಷನ್ ಜಡ್ಜ್ ಮುಂದ ತನ್ನ ಮಾತು ಹೇಳಬಹುದು. ಬ್ಯಾರೆ ಮನ್ಯಾಗ ಇದ್ದ ಮಾತ್ರಕ್ಕ ಕಾರ್ಡ್ ಹೋಗೂದಿಲ್ಲ. ಐ-751 (ಕಾರ್ಡಿನ ಶರತ್ತು ತಗಸೋ ಅರ್ಜಿ) ಹಾಕದ ಮಾರ್ಚ್ 14 ದಾಟಿದ್ರ ಮಾತ್ರ ಖರೇನ ಕುತ್ತು.

ಐ-751 ಹಾಕೋ ದಾರಿ ಎರಡು. ಗಂಡ ಸಹಿ ಮಾಡಿದ್ರ ಜಂಟಿ ಅರ್ಜಿ. ಅದನ್ನ ಕಾರ್ಡ್ ಮುಗಿಯೋ ಹಿಂದಿನ 90 ದಿನದಾಗ ಹಾಕಬೇಕು, ಅಂದ್ರ 2026ರ ಡಿಸೆಂಬರ್ 14ರಿಂದ. ಅದಕ್ಕೂ ಮೊದಲು ಕಳಿಸಿದ್ರ ವಾಪಸ್ ಬರ್ತೈತಿ. ಅವ ಸಹಿ ಮಾಡಲಿಲ್ಲಂದ್ರ ಆಕಿ ಒಬ್ಬಾಕಿನ "ವೇವರ್" (ಗಂಡನ ಸಹಿಯಿಂದ ವಿನಾಯಿತಿ) ಕೇಳಬಹುದು: ಲಗ್ನ ಪ್ರಾಮಾಣಿಕವಾಗಿ ಆಗಿತ್ತು, ಡೈವೋರ್ಸಿನಿಂದ ಮುಗೀತು ಅಂತ. ಇದಕ್ಕ 90 ದಿನದ ಕಟ್ಟು ಇಲ್ಲ, ಆದ್ರ ಡೈವೋರ್ಸಿನ ಡಿಕ್ರಿ (ಕೋರ್ಟಿನ ಅಂತಿಮ ಆದೇಶ) ಬೇಕು. ಕೇಸ್ ಇನ್ನೂ ನಡದಿದ್ರೂ ಅರ್ಜಿ ಹಾಕಬಹುದು. ಇಲಾಖೆ ಡಿಕ್ರಿ ಕೇಳಿ ಪತ್ರ ಕಳಸ್ತೈತಿ, ಉತ್ತರ ಕೊಡಾಕ ಸಾಮಾನ್ಯವಾಗಿ 84 ದಿನ, ಅಂಚೆಗೆ ಮತ್ತ 3 ದಿನ. ಅಷ್ಟರೊಳಗ ಡಿಕ್ರಿ ಕೈಗೆ ಬರಬೇಕು. ಹೊಡೆತ, ಹಿಂಸೆ ಇದ್ರ ಡೈವೋರ್ಸ್ ಇಲ್ಲದನೂ ವೇವರ್ ಐತಿ. ಪೊಲೀಸ್ ವರದಿ, ಡಾಕ್ಟರ ಚೀಟಿ, ಮೆಸೇಜ್ ಎಲ್ಲಾ ತಗದು ಇಟ್ಟಿರಲಿ.

ಅದಕ್ಕ ಬೆಳಗಾವಿ ಕೋರ್ಟಿನ ವಿಚಾರ ಈಗ ಬ್ಯಾಡ್ರಿ. ಇಲ್ಲಿ ಇಬ್ಬರೂ ಒಪ್ಪಿದ್ರೂ ಹಿಂದೂ ವಿವಾಹ ಕಾಯ್ದೆಯ 13-ಬಿ ಪ್ರಕಾರ ಒಂದು ವರ್ಷ ಬ್ಯಾರೆ ಇದ್ದಮ್ಯಾಲೆ ಅರ್ಜಿ, ಆಮ್ಯಾಲೆ ಆರು ತಿಂಗಳ ಕಾಯೋದು (2017ರಾಗ ಸುಪ್ರೀಂ ಕೋರ್ಟ್ ಆ ಆರು ತಿಂಗಳನ್ನ ಜಡ್ಜ್ ಬಿಡಬಹುದು ಅಂದೈತಿ). ಅವ ಒಪ್ಪಲಿಲ್ಲಂದ್ರ ವರ್ಷಗಟ್ಟಲೆ. ಡಲ್ಲಾಸ್ ಇರೋ ಟೆಕ್ಸಾಸ್‌ನ್ಯಾಗ ರಾಜ್ಯದಾಗ ಆರು ತಿಂಗಳು, ಕೌಂಟಿಯೊಳಗ (ಅಲ್ಲಿನ ಜಿಲ್ಲೆ) 90 ದಿನ ಇದ್ರ ಕೇಸ್ ಹಾಕಬಹುದು. ಹಾಕಿದಮ್ಯಾಲೆ 60 ದಿನ ಕಾಯಬೇಕು. ಆ ಡಿಕ್ರಿ ನಮ್ಮ ದೇಶದಾಗೂ ನಿಲ್ಲಬೇಕಂದ್ರ ಇಬ್ಬರೂ ಕೋರ್ಟಿಗೆ ಹಾಜರಾಗಿ, ಆ ಕೋರ್ಟು ಒಪ್ಪಿಗಿ ಅಂತ ಹೇಳಿ, ಸಹಿ ಹಾಕಿದ್ರ ಭದ್ರ. ಒಬ್ಬರು ಬರದ ಬಂದ ಡಿಕ್ರಿ ಇಲ್ಲಿ ತಕರಾರಿಗೆ ಬೀಳ್ತೈತಿ. 1991ರ ಸುಪ್ರೀಂ ಕೋರ್ಟ್ ತೀರ್ಪು ಅದಕ್ಕ ಕಾರಣ.

ನವನಗರ ಬಾಗಲಕೋಟೆ:
ಗೋಳಗುಮ್ಮಟ ಅವರು ಹೇಳಿದ್ದು ಸರಿ. ಊರಿಗೆ ಬರೋ ವಿಚಾರಕ್ಕ ನಂದೂ ಒಂದು ಮಾತು: ಸಣ್ಣ ಭೇಟಿಗೆ ಅಡ್ಡಿ ಇಲ್ಲ, ಆದ್ರ ಕಾರ್ಡ್, ಪಾಸ್‌ಪೋರ್ಟ್ ಎರಡೂ ಆಕಿ ಕೈಯಾಗನ ಇರಲಿ, ಅತ್ತಿ ಮನಿಯವರ ಕಪಾಟಿನ್ಯಾಗ ಬ್ಯಾಡ. ಒಂದು ವರ್ಷ ಹೊರಗ ಉಳಿದ್ರ ಕಾರ್ಡಿನ ಮ್ಯಾಲೆ ಒಳಗ ಹೋಗಾಕ ಆಗೂದಿಲ್ಲ. ಹೆಚ್ಚು ದಿನ ಬೇಕಾದ್ರ ಐ-131 ಫಾರ್ಮ್ ಹಾಕಿ ರೀಎಂಟ್ರಿ ಪರ್ಮಿಟ್ (ಮತ್ತ ಒಳಗ ಹೋಗಾಕ ಅನುಮತಿ), ಅದನ್ನ ಅಮೆರಿಕದಾಗ ಇದ್ದಾಗನ ಹಾಕಬೇಕು.

ಎಲ್ಲಾರೂ ಮರೆಯೋದು ವಿಳಾಸ. ಮನಿ ಬದಲಾದ 10 ದಿನದೊಳಗ ಎಆರ್-11 (ವಿಳಾಸ ಬದಲಾವಣೆ ಫಾರ್ಮ್) ಹಾಕ್ರಿ. ಇಲ್ಲಂದ್ರ ನೋಟಿಸ್ ಗಂಡನ ಬಾಗಲಿಗೆ ಹೋಗ್ತೈತಿ, ಆಕಿಗೆ ಸುದ್ದಿನ ಇರೂದಿಲ್ಲ, ಅರ್ಜಿ ತಿರಸ್ಕಾರ ಆಗ್ತೈತಿ. ಟ್ಯಾಕ್ಸ್‌ನ್ಯಾಗೂ ಹಂಗ: ವರ್ಷದ ಕೊನೀ ದಿನ ಲಗ್ನ ಊರ್ಜಿತ ಇದ್ರ "ಸಿಂಗಲ್" ಅಂತ ತುಂಬಬ್ಯಾಡ್ರಿ. ಆ ಕಾಗದ ಮುಂದ ಐ-751 ಅಧಿಕಾರಿ ಕೈಗೆ ಬರ್ತೈತಿ.

ಪುರಾವೆ ಈಗಿಂದನ ಕೂಡಿಸ್ರಿ: ಇಬ್ಬರ ಹೆಸರಿನ ಬಾಡಿಗಿ ಕರಾರು, ಬ್ಯಾಂಕ್ ಖಾತೆ, ಇನ್ಶೂರೆನ್ಸ್, ಟ್ಯಾಕ್ಸ್ ಟ್ರಾನ್ಸ್‌ಕ್ರಿಪ್ಟ್ (ಟ್ಯಾಕ್ಸ್ ಇಲಾಖೆ ಕೊಡೋ ದಾಖಲೆ), ಲಗ್ನದಿಂದ ಹಿಡಿದು ಬ್ಯಾರೆ ಆಗೋ ತನಕದ ಫೋಟೋ, ಇಬ್ಬರನ್ನೂ ಬಲ್ಲ ಇಬ್ಬರ ಪ್ರಮಾಣಪತ್ರ. ಜಂಟಿ ಖಾತೆಗೆ ಅವ ಬೀಗ ಹಾಕೋದ್ರೊಳಗ ಸ್ಟೇಟ್‌ಮೆಂಟ್ ಇಳಿಸಿಕೊಳ್ರಿ. ಐ-751ರ ಶುಲ್ಕ 2024ರ ಏಪ್ರಿಲ್ 1ರಿಂದ 750 ಡಾಲರ್. ಅರ್ಜಿ ಮುಟ್ಟಿದ ರಸೀದಿ ಕಾರ್ಡಿನ ಅವಧಿಯನ್ನ 48 ತಿಂಗಳು ಮುಂದಕ್ಕ ಒಯ್ತೈತಿ. ಹಳೇ ಕಾರ್ಡಿನ ಜೋಡಿ ಅದನ್ನ ಇಟ್ಟುಕೊಂಡು ನೌಕರಿ, ಪ್ರವಾಸ ಎರಡೂ ನಡೀತಾವ.

ಟಿಳಕವಾಡಿ ಅಣ್ಣ:
ಭಾಳ ಉಪಕಾರ ಆತ್ರಿ. ಈಗ ಅವ "ಜಂಟಿ ಅರ್ಜಿಗೆ ಸಹಿ ಹಾಕ್ತೀನಿ, ಕೂಡೇ ಇದ್ದೀವಿ ಅಂತ ಬರೀ" ಅಂತಾನಂತ. ಮತ್ತ ಲಗ್ನಪತ್ರಿಕೆ ಮರಾಠಿಯೊಳಗ ಐತಿ, ನೋಟರಿ ಬೇಕೇನ್ರಿ?

ಗೋಳಗುಮ್ಮಟ:
ಸಹಿ ತಗೋರಿ, ಸುಳ್ಳು ಬರೀಬ್ಯಾಡ್ರಿ. ಬ್ಯಾರೆ ಇದ್ರೂ ಡೈವೋರ್ಸ್ ಆಗೂ ತನಕ ಜಂಟಿ ಅರ್ಜಿ ಕಾನೂನುಬದ್ಧ; ಎರಡು ವಿಳಾಸ ಇದ್ದಂಗ ಬರೆದು, ಯಾವಾಗಿಂದ ಬ್ಯಾರೆ, ಯಾಕ ಅಂತ ಒಂದು ಪುಟ ಜೋಡಿಸ್ರಿ. ಇಂಟರ್‌ವ್ಯೂಗೆ ಇಬ್ಬರನ್ನೂ ಕರೆಯೋದು ಹೆಚ್ಚು. ಮಧ್ಯ ಡೈವೋರ್ಸ್ ಆದ್ರ ಡಿಕ್ರಿ ಜೋಡಿ ಪತ್ರ ಬರೆದು ಅದನ್ನ ವೇವರ್‌ಗೆ ತಿರುಗಿಸಲು ಕೇಳಬಹುದು.

ಪತ್ರಿಕೆಗೆ ನೋಟರಿ, ಅಪೋಸ್ಟಿಲ್ (ಹೊರದೇಶದಾಗ ನಡಿಯೋ ಸರ್ಕಾರಿ ದೃಢೀಕರಣ) ಎರಡೂ ಬ್ಯಾಡ. ಪೂರ್ತಿ ಇಂಗ್ಲಿಷ್ ಅನುವಾದ ಮಾಡಿಸಿ, ಕೆಳಗ ಅನುವಾದಕರು "ನನಗ ಮರಾಠಿ, ಇಂಗ್ಲಿಷ್ ಎರಡೂ ಬರ್ತಾವ, ಇದು ಪೂರ್ಣ ಮತ್ತು ಸರಿಯಾದ ಅನುವಾದ" ಅಂತ ಇಂಗ್ಲಿಷ್‌ನ್ಯಾಗ ಬರೆದು ಹೆಸರು, ವಿಳಾಸ, ತಾರೀಖು, ಸಹಿ ಹಾಕ್ಲಿ. ತಂಗಿ ತಾನ ಅನುವಾದ ಮಾಡೋದು ಬ್ಯಾಡ, ಹೊರಗಿನವರ ಕಡೆ ಮಾಡಸ್ರಿ. "ಆಹೇರ ಸ್ವೀಕಾರಿಸೂದಿಲ್ಲ" ಅನ್ನೋ ಸಾಲು ಇದ್ರ ಅದನ್ನೂ ಬಿಡಬ್ಯಾಡ್ರಿ.