ಚಂದ್ರನಿಗೆ ಹೊರಟ ಗುಂಪು, ಮೇಲಿನ ಮಹಡಿಯಲ್ಲಿ ಇಳಿಯಿತು

ನಮ್ಮ ಮನೆಯ ವಾಟ್ಸಾಪ್ ಗುಂಪಿನ ಹೆಸರು ‘ಒಂದೇ ಬಳ್ಳಿಯ ಹೂಗಳು’. ನಿನ್ನೆ ನಡೆದದ್ದನ್ನು ಇದ್ದ ಹಾಗೇ ಹಾಕುತ್ತಿದ್ದೇನೆ.

ಮೋಹನ ಚಿಕ್ಕಪ್ಪ (ಫಾರ್ವರ್ಡ್): ಯೋಚಿಸಿ!! 1969ರಲ್ಲಿ ಒಂದೇ ರಾಕೆಟ್, ಸೀದಾ ಚಂದ್ರ. ಈಗ ಜನರನ್ನು ಇಳಿಸೋಕೆ ಹತ್ತು-ಹದಿನೈದು ರಾಕೆಟ್ ಬೇಕಂತೆ. ಹಾಗಾದರೆ ಅವತ್ತು ಹೋಗಿದ್ದು ನಿಜಾನಾ? ಎಲ್ಲಾ ಗುಂಪಿಗೂ ಕಳಿಸಿ 🙏

ಮೋಹನ ಚಿಕ್ಕಪ್ಪ: ನಾನು ಮೊದಲಿಂದ ಹೇಳ್ತಾನೇ ಇದ್ದೆ.

ವಿದ್ಯಾ: ಚಿಕ್ಕಪ್ಪ, ಇದನ್ನ ಬರೆದೋರು ಯಾರು? ಮೂಲ ಎಲ್ಲಿದೆ?

ಮೋಹನ ಚಿಕ್ಕಪ್ಪ: ಬಂತು, ಹಾಕ್ದೆ. ನಿಂಗೆ ಎಲ್ಲದಕ್ಕೂ ಸಾಕ್ಷಿ ಬೇಕು.

ವಿದ್ಯಾ: ರಾಕೆಟ್ ಲೆಕ್ಕ ಸುಳ್ಳಲ್ಲ, ಅದರಿಂದ ಎಳೆದ ತೀರ್ಮಾನ ಸುಳ್ಳು. ಅವತ್ತು ಚಂದ್ರನ ಮೇಲೆ ಇಳಿದ ವಾಹನ, ಅಂದ್ರೆ ಅಪೊಲೊ ಲ್ಯಾಂಡರ್, ಏಳು ಮೀಟರ್ ಎತ್ತರ. ಇಬ್ಬರು, ಕೂರೋಕೆ ಸೀಟೂ ಇಲ್ಲ, ನಿಂತೇ ಇಳಿದರು. ಈಗ ನಾಸಾಗೋಸ್ಕರ ಸ್ಪೇಸ್‌ಎಕ್ಸ್ ಕಂಪನಿ ಕಟ್ಟುತ್ತಿರೋ ಲ್ಯಾಂಡರ್ ಸುಮಾರು 50 ಮೀಟರ್. ಭೂಮಿಯ ಕಕ್ಷೆ ಸೇರೋ ಹೊತ್ತಿಗೆ ಅದರ ಟ್ಯಾಂಕ್ ಬಹುಪಾಲು ಖಾಲಿ. ಹಾಗಾಗಿ ಒಂದರ ಹಿಂದೆ ಒಂದು ಇಂಧನದ ಟ್ಯಾಂಕರ್ ರಾಕೆಟ್ ಹೋಗಿ ಅಲ್ಲೇ ತುಂಬಿಸಬೇಕು. ಮೀಥೇನ್, ಆಮ್ಲಜನಕ ಎರಡೂ ಅತಿಶೀತ ದ್ರವ, ಬಿಸಿಲು ತಾಗಿದರೆ ಆವಿ. ಕೊನೆಯ ಟ್ಯಾಂಕರ್ ತಡವಾದಷ್ಟೂ ಮೊದಲು ತುಂಬಿದ್ದು ಹಾರಿಹೋಗ್ತಾ ಇರತ್ತೆ. ಅಪೊಲೊ ಲ್ಯಾಂಡರಿಗೆ ಈ ತಲೆನೋವೇ ಇರಲಿಲ್ಲ, ಅದರ ಇಂಧನ ಮಾಮೂಲಿ ತಾಪದಲ್ಲೇ ದ್ರವವಾಗಿರೋದು.

ಗಿರಿಜತ್ತೆ: ಜಾಣೆ 👏👏 ಹೋಗ್ತಿರೋದು ಯಾರು, ನಮ್ಮವರಾ?

(ಅಷ್ಟುದ್ದದ ಮೆಸೇಜನ್ನು ಯಾರೂ ಓದಲಿಲ್ಲ ಅನ್ನೋದಕ್ಕೆ ಮುಂದಿನದೇ ಪುರಾವೆ.)

ದೊಡ್ಡಪ್ಪ: ಎಲ್ಲಾ ದುರಾಸೆ. ಅವತ್ತು ದೇಶಕ್ಕಾಗಿ ಹೋದರು, ಇವತ್ತು ವ್ಯಾಪಾರಕ್ಕೆ. ಖಾಸಗಿಯವರಿಗೆ ಕೊಟ್ಟರೆ ಹೀಗೇ. ಮನುಷ್ಯನಿಗೆ ಇತಿಮಿತಿ ಗೊತ್ತಿರಬೇಕು.

ವಿದ್ಯಾ: ದೊಡ್ಡಪ್ಪ, ಅವತ್ತಿನ ಲ್ಯಾಂಡರ್ ಕಟ್ಟಿದ್ದೂ ಗ್ರಮ್ಮನ್ ಅನ್ನೋ ಖಾಸಗಿ ಕಂಪನಿ. ಬದಲಾಗಿರೋದು ಒಪ್ಪಂದ. ಈಗ ಮೊತ್ತ ಮೊದಲೇ ಗೊತ್ತುಮಾಡಿರ್ತಾರೆ, ಅದರ ಮೇಲೆ ಖರ್ಚಾದದ್ದು ಕಂಪನಿ ತಲೆಗೆ. 2021ರಲ್ಲಿ ನಾಸಾಗೆ ಲ್ಯಾಂಡರ್ ಕಟ್ಟೋಕೆ ಎರಡು ಕಂಪನಿ ಆರಿಸೋ ಆಸೆ ಇತ್ತು. ಅಮೆರಿಕದ ಸಂಸತ್ತು ದುಡ್ಡು ಬಿಗಿ ಹಿಡೀತು. ಎಲ್ಲರಿಗಿಂತ ಕಡಿಮೆ ಕೋಟ್ ಮಾಡಿದ್ದ ಸ್ಪೇಸ್‌ಎಕ್ಸ್‌ಗೆ ಮಾತ್ರ 289 ಕೋಟಿ ಡಾಲರ್‌ಗೆ ಸಿಕ್ತು. ಪೈಪೋಟಿಯಲ್ಲಿದ್ದ ಬ್ಲೂ ಆರಿಜಿನ್ ಕಂಪನಿ ಅದರ ವಿರುದ್ಧ ಕೋರ್ಟಿಗೆ ಹೋಗಿ ಸೋತು, 2023ರಲ್ಲಿ ಬೇರೆ ಒಪ್ಪಂದ ಗಿಟ್ಟಿಸ್ತು.

ಸತೀಶ: ಚಂದ್ರ ಅಂದ್ರೆ ನಂಗೆ ತಾರಸಿ. ಕರೆಂಟ್ ಹೋದ್ರೆ ಸಾಲಾಗಿ ಮಲಗ್ತಿದ್ವಿ, ಅಜ್ಜ ಕೈ ತೋರಿಸಿ ಮೊಲ ಎಲ್ಲಿದೆ ಅಂತಿದ್ರು. ಆ ತಾರಸಿ ಈಗೆಲ್ಲಿ, ಮಹಡಿ ಎದ್ದಿತಲ್ಲ.

ಅಪ್ಪ: ಕಡಿಮೆ ಕೋಟ್ ಅಂದಾಗಲೇ ನನಗೂ ಮಹಡಿ ನೆನಪಾಯ್ತು.

ಮೋಹನ ಚಿಕ್ಕಪ್ಪ: ಅಣ್ಣ, ಅದೀಗ ಯಾಕೆ?

ಅಪ್ಪ: ಅರ್ಧಕ್ಕೆ ಕೈ ಎತ್ತಿದ ಆ ಕಂಟ್ರಾಕ್ಟರನ್ನ ಕರ್ಕೊಂಡು ಬಂದೋನು ಯಾರು?

ಮೋಹನ ಚಿಕ್ಕಪ್ಪ: ದೊಡ್ಡಣ್ಣನ ಪರಿಚಯದವನು.

ದೊಡ್ಡಪ್ಪ: ನಾನು ನಂಬರ್ ಕೊಟ್ಟೆ. ಅಡ್ವಾನ್ಸ್ ಕೊಟ್ಟವರು ನೀವು.

ವಿದ್ಯಾ: ನಿಜವಾದ ಭಯ ಇಳಿಯೋದರಲ್ಲಿದೆ. ಇಂಟ್ಯೂಟಿವ್ ಮೆಷಿನ್ಸ್ ಅನ್ನೋ ಕಂಪನಿ ಚಂದ್ರನಿಗೆ ಕಳಿಸಿದ ಲ್ಯಾಂಡರ್‌ಗಳು 2024ರಲ್ಲೂ 2025ರಲ್ಲೂ ಅಡ್ಡ ಬಿದ್ದವು. ಒಳಗೆ ಜನ ಇರಲಿಲ್ಲ, ಸರಿಹೋಯ್ತು. ಜನ ಹೋಗೋ ಸ್ಪೇಸ್‌ಎಕ್ಸ್ ಲ್ಯಾಂಡರಲ್ಲಿ ಬಾಗಿಲು ಎಷ್ಟು ಮೇಲಿರತ್ತೆ ಅಂದ್ರೆ ನೆಲಕ್ಕೆ ಬರೋಕೆ ಲಿಫ್ಟ್ ಬೇಕು.

ಗಿರಿಜತ್ತೆ: ಲಿಫ್ಟ್ ಹಾಕಿಸಿ ಅಂತ ನಾನೂ ಬಡ್ಕೊಂಡೆ. ನನ್ನ ಮಂಡಿಗೆ ಆ ಮೆಟ್ಟಿಲು ಆಗಲ್ಲ.

ಮೋಹನ ಚಿಕ್ಕಪ್ಪ: ಆ ಮೆಟ್ಟಿಲಿಗೆ ದುಡ್ಡು ಹಾಕಿದ್ದು ನಾನೊಬ್ಬನೇ.

ಅಪ್ಪ: ರಸೀತಿ ಇದ್ರೆ ಹಾಕು.

ಮೋಹನ ಚಿಕ್ಕಪ್ಪ: ಓಹೋ, ಮಗಳ ಚಾಳಿ ನಿಮಗೂ ಹತ್ತಿತಾ.

ವಿದ್ಯಾ: ನಾನು ಕೇಳಿದ್ದು ರಾಕೆಟ್ಟಿನದ್ದು!

ದೊಡ್ಡಪ್ಪ: ಸಾಕು. ಭಾನುವಾರ ಎಲ್ಲರೂ ಬನ್ನಿ, ಲೆಕ್ಕದ ಪುಸ್ತಕ ತನ್ನಿ.

ಗಿರಿಜತ್ತೆ: ಕೆಳಗೇ ಕೂರೋಣ ಆಯ್ತಾ.