ಸೀಗಿ ಹುಣ್ಣಿಮೆಯ ಹೊತ್ತಿಗೆ ಬರುವ ಯಹೂದಿ ಹಬ್ಬ: ತಿಳಿದವರು ದಯವಿಟ್ಟು ಹೇಳಬೇಕು

ಪ್ರಶ್ನೆ: ಸಣಾಪುರದ ಹೋಮ್‌ಸ್ಟೇಯಿಂದ

ಎಲ್ಲರಿಗೂ ನಮಸ್ಕಾರ. ಕೊಪ್ಪಳ ಜಿಲ್ಲೆಯ ಸಣಾಪುರದಲ್ಲಿ ನಾನು ಮತ್ತು ನಮ್ಮ ಮನೆಯವರು ನಾಲ್ಕು ಕೋಣೆಗಳ ಹೋಮ್‌ಸ್ಟೇ ನಡೆಸುತ್ತೇವೆ. ಹಂಪಿ, ಆನೆಗೊಂದಿ ನೋಡಲು ಬರುವ ಇಸ್ರೇಲಿನವರು ಆಗಾಗ ನಮ್ಮಲ್ಲಿ ಉಳಿಯುತ್ತಾರೆ. ಕಳೆದ ವರ್ಷ ಸೀಗಿ ಹುಣ್ಣಿಮೆಗೆ ಹೊಲದಲ್ಲಿ ಚರಗ ಚೆಲ್ಲಲು ನಾವು ಬುತ್ತಿ ಕಟ್ಟುತ್ತಿದ್ದಾಗ ಒಂದು ಕುಟುಂಬದವರು ಬಂದು ತೆಂಗಿನ ಗರಿ ಬೇಕೆಂದು ಕೇಳಿದರು. ನೆರಳಿರಲೆಂದು ಮಾವಿನ ಮರದ ಕೆಳಗೆ ಜಾಗ ತೋರಿಸಿದೆವು. ಅವರು ಬೇಡವೆಂದು ಬಯಲಿನಲ್ಲಿಯೇ ಗುಡಿಸಲು ಹಾಕಿಕೊಂಡರು. ಮಳೆ ಬಂದೀತೆಂದು ಮೇಲೆ ಹೊದಿಸಲು ತಾಡಪಾಲು ಕೊಟ್ಟರೆ ಅದನ್ನೂ ಒಪ್ಪಲಿಲ್ಲ.

ಅದೇ ವಾರ ಶುಕ್ರವಾರ ರಾತ್ರಿ ನನ್ನಿಂದ ಒಂದು ತಪ್ಪಾಯಿತು. ಅವರ ಕೋಣೆಯ ಹೊರಗಿನ ದೀಪ ಸುಮ್ಮನೆ ಉರಿಯುತ್ತಿದೆ ಎಂದುಕೊಂಡು ಆರಿಸಿಬಿಟ್ಟೆ. ಬೆಳಿಗ್ಗೆ ನೋಡಿದರೆ ಅವರು ರಾತ್ರಿಯೆಲ್ಲ ಕತ್ತಲೆಯಲ್ಲಿಯೇ ಇದ್ದರು, ನಮ್ಮನ್ನು ಕರೆಯಲೂ ಇಲ್ಲ. ಮನೆಗೆ ಬಂದವರನ್ನು ಕತ್ತಲಲ್ಲಿ ಕೂರಿಸಿದೆನಲ್ಲ ಎಂಬ ನೋವು ಇನ್ನೂ ಹೋಗಿಲ್ಲ. ಈ ವರ್ಷ ಹಾಗಾಗಬಾರದು. ಈ ಹಬ್ಬದ ಕ್ರಮವೇನು, ಅವರ ಪ್ರಾರ್ಥನಾ ಮಂದಿರವನ್ನು ನಮ್ಮ ಮಕ್ಕಳಿಗೆ ತೋರಿಸಬೇಕಾದರೆ ಎಲ್ಲಿಗೆ ಹೋಗಬೇಕು ಎಂಬುದನ್ನು ತಿಳಿದವರು ಹೇಳಿದರೆ ಉಪಕಾರವಾಗುತ್ತದೆ.

ಉತ್ತರ 1: ಬಳ್ಳಾರಿಯ ನಿವೃತ್ತ ಶಿಕ್ಷಕ

ಅಕ್ಕನವರೇ, ಆ ಹಬ್ಬದ ಹೆಸರು ಸುಕ್ಕೋತ್. ಈಜಿಪ್ಟಿನ ದಾಸ್ಯದಿಂದ ಬಿಡುಗಡೆಯಾದ ಪೂರ್ವಜರು ನಲವತ್ತು ವರ್ಷ ಮರುಭೂಮಿಯಲ್ಲಿ ಅಲೆದಾಗ ಗುಡಿಸಲುಗಳಲ್ಲಿ ವಾಸವಾಗಿದ್ದರೆಂಬ ನೆನಪಿಗೆ ಏಳು ದಿನ ಗುಡಿಸಲಿನಲ್ಲಿ ಉಣ್ಣುತ್ತಾರೆ, ಕೆಲವರು ಅಲ್ಲಿಯೇ ಮಲಗುತ್ತಾರೆ. ಅದು ಸುಗ್ಗಿಯ ಹಬ್ಬವೂ ಹೌದು. ಚಾವಣಿಗೆ ನೆಲದಲ್ಲಿ ಬೆಳೆದು ಕಡಿದ ಗರಿ, ಕೊಂಬೆ, ದಂಟುಗಳನ್ನು ಮಾತ್ರ ಬಳಸಬೇಕು; ಒಳಗೆ ಬಿಸಿಲಿಗಿಂತ ನೆರಳು ಹೆಚ್ಚಿರಬೇಕು, ಆದರೂ ಸಂದಿಯಲ್ಲಿ ನಕ್ಷತ್ರ ಕಂಡರೆ ಒಳ್ಳೆಯದು. ಬೇರೂರಿ ನಿಂತ ಮರವು ಕಡಿದ ಗರಿಯ ಲೆಕ್ಕಕ್ಕೆ ಬರುವುದಿಲ್ಲವಾದ್ದರಿಂದ ಮಾವಿನ ಮರದ ಕೆಳಗೆ ಕಟ್ಟಿದರೆ ಹಬ್ಬದ ಗುಡಿಸಲಾಗದು. ತಾಡಪಾಲನ್ನು ಗೋಡೆಗೆ ಕಟ್ಟಬಹುದು, ಮೇಲೆ ಹೊದಿಸುವಂತಿಲ್ಲ.

ಅವರ ಪಂಚಾಂಗವೂ ನಮ್ಮದರಂತೆ ಚಂದ್ರನ ತಿಂಗಳುಗಳನ್ನು ಸೂರ್ಯನ ವರ್ಷಕ್ಕೆ ಹೊಂದಿಸುವಂಥದ್ದು. ಹತ್ತೊಂಬತ್ತು ವರ್ಷಗಳಲ್ಲಿ ಏಳು ಬಾರಿ ಅಧಿಕ ತಿಂಗಳು ಬರುತ್ತದೆ. ಹೀಗಾಗಿ ಅವರ ಹೊಸ ವರ್ಷವಾದ ರೋಶ್ ಹಶಾನಾ ಹೆಚ್ಚಿನ ವರ್ಷಗಳಲ್ಲಿ ಮಹಾಲಯ ಅಮಾವಾಸ್ಯೆಯ ಬೆನ್ನಿಗೇ ಬರುತ್ತದೆ, ಹತ್ತನೆಯ ದಿನ ನೀರನ್ನೂ ಮುಟ್ಟದ ಯೋಮ್ ಕಿಪ್ಪುರ್ ಉಪವಾಸ, ಹುಣ್ಣಿಮೆಗೆ ಸುಕ್ಕೋತ್. ಆದರೆ 2026ರಲ್ಲಿ ನಮಗೆ ಅಧಿಕ ಜ್ಯೇಷ್ಠ ಮಾಸ ಬಂದಿರುವುದರಿಂದ ಅವರ ಸುಕ್ಕೋತ್ ಒಂದು ತಿಂಗಳು ಮೊದಲೇ, ಸೆಪ್ಟೆಂಬರ್ 25ರ ಶುಕ್ರವಾರ ಸೂರ್ಯಾಸ್ತಕ್ಕೆ ಆರಂಭವಾಗುತ್ತದೆ. ಅವರ ಅಧಿಕ ತಿಂಗಳು 2027ರ ಆರಂಭದಲ್ಲಿದೆ. ಆಮೇಲೆ ಎರಡೂ ಮತ್ತೆ ಜೊತೆಗೂಡುತ್ತವೆ, ಅವರ ವಸಂತಕಾಲದ ಹಬ್ಬವಾದ ಪಾಸೋವರ್ ನಮ್ಮ ದವನದ ಹುಣ್ಣಿಮೆಗೆ ಸರಿಹೋಗುತ್ತದೆ. ಸೀಗಿ ಹುಣ್ಣಿಮೆಯನ್ನು ನಂಬಿ ಈ ಸಲ ಕಾಯಬೇಡಿ.

ಉತ್ತರ 2: ರಾಯಚೂರಿನವನು, ಈಗ ಮುಂಬೈ ವಾಸಿ

ದೀಪದ ವಿಷಯಕ್ಕೆ ನಾನು ಉತ್ತರಿಸುತ್ತೇನೆ, ಏಕೆಂದರೆ ನಮ್ಮ ಪಕ್ಕದ ಮನೆಯವರು ಬೆನೆ ಇಸ್ರೇಲ್ ಸಮುದಾಯದವರು, ಕೊಂಕಣದಿಂದ ಬಂದ ಮರಾಠಿ ಮಾತಿನ ಯಹೂದಿಗಳು. ಇವರ ಹಿರಿಯರು ಕೊಂಕಣದಲ್ಲಿ ಗಾಣದ ಕೆಲಸ ಮಾಡುತ್ತಿದ್ದರು. ಯಹೂದಿಗಳಿಗೆ ವಾರದ ವಿಶ್ರಾಂತಿಯ ದಿನವಾದ ಸಬ್ಬತ್ ಶನಿವಾರ; ಅಂದು ಗಾಣ ನಿಲ್ಲಿಸುತ್ತಿದ್ದುದರಿಂದ ಅವರಿಗೆ ‘ಶನಿವಾರ ತೇಲಿ’, ಅಂದರೆ ಶನಿವಾರದ ಗಾಣಿಗರು, ಎಂದೇ ಹೆಸರಾಗಿತ್ತು. ಶುಕ್ರವಾರದ ಸೂರ್ಯಾಸ್ತದಿಂದ ಶನಿವಾರ ರಾತ್ರಿ ಮೂರು ನಕ್ಷತ್ರ ಕಾಣುವವರೆಗೆ ಆಚಾರವಂತರು ಬೆಂಕಿ ಹೊತ್ತಿಸುವುದಿಲ್ಲ, ಸ್ವಿಚ್ ಮುಟ್ಟುವುದಿಲ್ಲ, ಹಾಕಿರೆಂದು ಇನ್ನೊಬ್ಬರಿಗೆ ಹೇಳುವುದನ್ನೂ ತಪ್ಪಿಸುತ್ತಾರೆ. ಆದ್ದರಿಂದಲೇ ಆ ಕುಟುಂಬ ನಿಮ್ಮನ್ನು ಕರೆಯಲಿಲ್ಲ, ಅದು ಮುನಿಸಲ್ಲ. ಶುಕ್ರವಾರ ಸಂಜೆಯೊಳಗೆ ಯಾವ ದೀಪ ಉರಿಯಬೇಕೆಂದು ಕೇಳಿಕೊಂಡು, ಮರುದಿನ ರಾತ್ರಿಯವರೆಗೆ ಹಾಗೆಯೇ ಬಿಡಿ. ಶನಿವಾರ ಹಣ ಕೇಳಬೇಡಿ, ರಿಜಿಸ್ಟರಿಗೆ ಸಹಿ ಹಾಕಿಸಬೇಡಿ.

ಹಬ್ಬವೆಂದರೆ ಮನೆಯೊಂದರಲ್ಲಿಯೇ ಮುಗಿಯುವುದಲ್ಲ. ಅವರ ಪ್ರಾರ್ಥನಾ ಮಂದಿರವಾದ ಸಿನಗಾಗ್‌ನಲ್ಲಿ ಸಾಮೂಹಿಕ ಪ್ರಾರ್ಥನೆಗೆ ಹದಿಮೂರು ತುಂಬಿದ ಹತ್ತು ಗಂಡಸರು ಸೇರಲೇಬೇಕು, ಅದಕ್ಕೆ ಮಿನ್ಯಾನ್ ಎನ್ನುತ್ತಾರೆ. ಬಹುಪಾಲು ಜನ ಇಸ್ರೇಲಿಗೆ ಹೋಗಿಬಿಟ್ಟಿರುವುದರಿಂದ ಒಂಬತ್ತು ಜನ ಕುಳಿತು ಹತ್ತನೆಯವನಿಗಾಗಿ ಬಾಗಿಲು ನೋಡುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕೊನೆಗೆ ಒಬ್ಬ ಮುದುಕರು ಕೋಲೂರಿಕೊಂಡು ಮೆಟ್ಟಿಲೇರಿದಾಗ ಎಲ್ಲರ ಮುಖ ಅರಳಿತು. ಮದುವೆ, ಕಾಯಿಲೆಯಿಂದ ಚೇತರಿಕೆ, ಹೊಸ ಮನೆ ಎಂದರೆ ಎಲಿಯಾಹು ಪ್ರವಾದಿಯ ಹೆಸರಿನಲ್ಲಿ ಮಲೀದಾ ಮಾಡುತ್ತಾರೆ. ನೆನೆಸಿದ ಅವಲಕ್ಕಿಗೆ ಕಾಯಿತುರಿ, ಸಕ್ಕರೆ, ಒಣಹಣ್ಣು ಕಲಸಿ, ಸುತ್ತ ಹಣ್ಣುಗಳನ್ನು ಜೋಡಿಸಿ, ಹಾಡಿ ಹಂಚುತ್ತಾರೆ. ಶುಕ್ರವಾರದ ಪ್ರಾರ್ಥನೆಗೆ ದ್ರಾಕ್ಷಾರಸದ ಬದಲು ಒಣದ್ರಾಕ್ಷಿ ನೆನೆಸಿ ಹಿಂಡಿದ ಪಾನಕವನ್ನು ನನ್ನ ಕೈಗೂ ಕೊಟ್ಟಿದ್ದಾರೆ.

ನಮ್ಮ ನಾಡಿಗೆ ಸಂಬಂಧಿಸಿದ ಸಂಗತಿಯೊಂದಿದೆ. ಮುಂಬೈಯ ಮಾಂಡವಿಯಲ್ಲಿರುವ, 1796ರಲ್ಲಿ ಸ್ಥಾಪನೆಯಾದ ಶಾರ್ ಹರಹಮೀಮ್, ಅಂದರೆ ‘ಕರುಣೆಯ ಬಾಗಿಲು’, ಈ ನಗರದ ಮೊದಲ ಸಿನಗಾಗ್. ಅದನ್ನು ಕಟ್ಟಿಸಿದ ಸ್ಯಾಮ್ಯುಯೆಲ್ ಎಜೆಕಿಯೆಲ್ ದಿವೇಕರ್ ಕಂಪನಿ ಸೇನೆಯ ಅಧಿಕಾರಿ, ಮೈಸೂರು ಯುದ್ಧದಲ್ಲಿ ಟಿಪ್ಪು ಸುಲ್ತಾನನಿಗೆ ಸೆರೆಸಿಕ್ಕವರು. ಟಿಪ್ಪುವಿನ ತಾಯಿ ಕರುಣೆ ತೋರಿದ್ದರಿಂದ ಜೀವ ಉಳಿಯಿತು, ಆ ಕೃತಜ್ಞತೆಗೆ ಇದನ್ನು ಕಟ್ಟಿಸಿದರು ಎಂಬುದು ಸಮುದಾಯದಲ್ಲಿ ನಡೆದುಬಂದ ಮಾತು.

ಮಕ್ಕಳಿಗೆ ತೋರಿಸಲು ಪುಣೆ ಸುಲಭ. ರಾಯಚೂರಿನಿಂದ ಉದ್ಯಾನ್ ಎಕ್ಸ್‌ಪ್ರೆಸ್ ಹಿಡಿದರೆ ಸಾಕು. ಅಲ್ಲಿಯ ಓಹೆಲ್ ದಾವೀದ್ ಸಿನಗಾಗ್, ಸ್ಥಳೀಯರ ‘ಲಾಲ್ ದೇವಳ್’, ಬಾಗ್ದಾದಿನಿಂದ ಬಂದ ಯಹೂದಿ ವ್ಯಾಪಾರಿ ಡೇವಿಡ್ ಸಸೂನ್ ಕಟ್ಟಿಸಿದ ಕೆಂಪು ಇಟ್ಟಿಗೆಯ ಗೋಪುರದ ಕಟ್ಟಡ. ಅವರ ಸಮಾಧಿಯೂ ಅದೇ ಆವರಣದಲ್ಲಿದೆ. ಗುರುತಿನ ಚೀಟಿ ಇಟ್ಟುಕೊಂಡು, ಮೊದಲೇ ಅನುಮತಿ ಪಡೆದು, ಶನಿವಾರ ಮತ್ತು ಹಬ್ಬದ ದಿನಗಳನ್ನು ಬಿಟ್ಟು ಹೋಗಿ. ಗಂಡಸರು ತಲೆ ಮುಚ್ಚಿಕೊಳ್ಳಬೇಕು.

ಉತ್ತರ 3: ಹೊಸಪೇಟೆ ಕಡೆಯ ಅಡುಗೆಯವರು

ಊಟದ ಬಗ್ಗೆ ಒಂದು ಮಾತು. ಮಾಂಸ ಮತ್ತು ಹಾಲನ್ನು ಅವರು ಬೆರೆಸುವುದಿಲ್ಲ; ಕೆಲವರು ನಮ್ಮ ಪಾತ್ರೆಯಲ್ಲಿ ಬೇಯಿಸಿದ್ದನ್ನೂ ಉಣ್ಣುವುದಿಲ್ಲ. ಅಂಥವರಿಗೆ ಕತ್ತರಿಸದ ಬಾಳೆಹಣ್ಣು, ಪೇರಲ, ಎಳನೀರು ಕೊಡಿ. ಎಲ್ಲರೂ ಇಷ್ಟು ಕಟ್ಟುನಿಟ್ಟಲ್ಲ, ಆದ್ದರಿಂದ ಬಂದ ಕೂಡಲೇ ಕೇಳಿಬಿಡುವುದು ಉತ್ತಮ.

ಪ್ರಶ್ನೆ ಕೇಳಿದವರು

ಮೇಷ್ಟ್ರೇ, ಅಣ್ಣಾವರೇ, ಎಲ್ಲರಿಗೂ ಕೈಮುಗಿಯುತ್ತೇನೆ. ಅವರು ಮುನಿದಿರಲಿಲ್ಲವೆಂದು ತಿಳಿದು ಮನಸ್ಸು ಹಗುರವಾಯಿತು. ಸೆಪ್ಟೆಂಬರ್ 25ರ ಮಧ್ಯಾಹ್ನದೊಳಗೆ ಗರಿ ಕಡಿಸಿ ಕಣದ ಬಯಲಿನಲ್ಲಿ ಇಡಿಸುತ್ತೇನೆ; ಮನೆಯವರೂ ಮಕ್ಕಳೂ ಸ್ವಿಚ್ ಮುಟ್ಟದಂತೆ ಅದರ ಮೇಲೆ ಕಾಗದ ಅಂಟಿಸುತ್ತೇನೆ. ಪುಣೆಗೆ ಹೋಗುವುದು ದೀಪಾವಳಿ ರಜೆಯಲ್ಲಿ.