ಸಹಾಯ ಬೇಕು: ಡಾಗರ್‌ಲ್ಯಾಂಡ್ ಕೋರ್‌ನ ಪೀಟ್‌ಗೆ ಯಾವ ವಯಸ್ಸು ನಂಬುವುದು?

ಉತ್ತರ ಸಮುದ್ರದಡಿ ಮುಳುಗಿಹೋದ ನೆಲವಾದ ಡಾಗರ್‌ಲ್ಯಾಂಡ್‌ನ ನದಿಪಾತ್ರದ ವೈಬ್ರೋಕೋರ್ (ಕಂಪಿಸುವ ಕೊಳವೆ ಇಳಿಸಿ ತೆಗೆದ ಮಣ್ಣಿನ ಕಂಬ) ಇದು. ಮೇಲೆ ಚಿಪ್ಪು ಬೆರೆತ ಮರಳು, ಕೆಳಗೆ ಬೂದು ಜೇಡಿ, ಅದರಡಿ 12 ಸೆಂ.ಮೀ. ಪೀಟ್ (ಜೌಗಿನಲ್ಲಿ ಅರೆಕೊಳೆತ ಗಿಡಗಳ ಪದರ). ಇಡೀ ಪೀಟ್‌ನ ರೇಡಿಯೋಕಾರ್ಬನ್ (ಇಂಗಾಲ-14 ಅಳೆದು ಕಂಡ) ವಯಸ್ಸಿಗಿಂತ ಅದೇ ಪದರದ ಬೀಜಗಳದ್ದು ಕಡಿಮೆ ಬಂದಿದೆ. ಕೊಚ್ಚಿಬಂದ ಹಳೆಯ ಇಂಗಾಲ ಪೀಟ್‌ನ ವಯಸ್ಸು ಏರಿಸುತ್ತದೆ, ಆಮೇಲೆ ಇಳಿದ ಬೇರು ಇಳಿಸುತ್ತದೆ; ಹಾಗಾಗಿ ನಮ್ಮ ಒಲವು ಬೀಜದ ಕಡೆಗೇ. ಆದರೆ ಕಂಪನಕ್ಕೆ ಮೇಲಿನ ಮಣ್ಣು ಕೊಳವೆಯ ಗೋಡೆಗುಂಟ ಜಾರಿ ಇಳಿಯುವುದುಂಟು. ಹೊರಗಿನ 1 ಸೆಂ.ಮೀ. ಕೆರೆದು ತೆಗೆದರೆ ಸಾಕೇ?

ಇನ್ನೊಂದು: ಪೀಟ್–ಜೇಡಿ ಗಡಿ ಚಾಕುವಿನಲ್ಲಿ ಕೊಯ್ದಷ್ಟು ನೇರವಾಗಿದೆ. ಅಲೆ ಪೀಟ್‌ನ ಮೇಲ್ಭಾಗ ಸವೆಸಿದ್ದರೆ ಕಡಲು ಏರಿದ ಕಾಲ ಅದರಿಂದ ಸಿಗದು, ಅದಕ್ಕೂ ಹಿಂದಿನದಷ್ಟೇ ಸಿಗುತ್ತದೆ. ಜೇಡಿಯನ್ನು 63 ಮೈಕ್ರಾನ್ ಜರಡಿಯಲ್ಲಿ ತೊಳೆದು ಕಡಲು ಬಂದದ್ದರ ಗುರುತಾದ ಫೊರಾಮಿನಿಫೆರಾ (ಚಿಪ್ಪಿರುವ ಸೂಕ್ಷ್ಮಜೀವಿ) ಹುಡುಕುವಾಗ ಗಡಿಯ ಸುತ್ತ ಎಷ್ಟು ಅಂತರಕ್ಕೊಂದು ಮಾದರಿ ತೆಗೀತೀರಿ? ಮರಳು ಕೊನೆಯ ಬಾರಿ ಬೆಳಕು ಕಂಡ ಕಾಲ ಅಳೆಯಲೆಂದು, ಮರಳಿನ ತುಂಡನ್ನು ಬೆಳಕು ತಾಗದಂತೆ ಕಪ್ಪು ಪ್ಲಾಸ್ಟಿಕ್‌ನಲ್ಲೇ ಇಟ್ಟಿದ್ದೇವೆ. ಮಾಡಿ ಅನುಭವವಿರುವವರು ತಿಳಿಸಿ.